ಎಣ್ಮಕಜೆಯ ಲೆಕ್ಕ ಬರೆದವರು

ಕಾಸರಗೋಡಿನ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗುಡ್ಡದ ಮೇಲೆ ಹೊಡೆದ ವಿಷ ಕೆಳಗಿನ ತೋಡಿಗೂ ಸುರಂಗದ ನೀರಿಗೂ ಇಳಿಯಿತು.

ಅದನ್ನ ಮೊದಲು ಗುರುತಿಸಿದವರು ದೂರದ ವಿಜ್ಞಾನಿಗಳಲ್ಲ. ಎಣ್ಮಕಜೆಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ಹತ್ರ ಬರೋ ರೋಗಿಗಳಲ್ಲಿ ಕಂಡದ್ದನ್ನ ಬರೆದಿಟ್ಟರು. ಅದೇ ಊರಿನ ಶ್ರೀಪಡ್ರೆ ಪತ್ರಿಕೆಗಳಲ್ಲಿ ಬರೆದರು. ಲ್ಯಾಬ್ ಪರೀಕ್ಷೆ ಆಮೇಲೆ ಬಂತು. 2009ರಲ್ಲಿ ಅಂಬಿಕಾಸುತನ್ ಮಾಂಗಾಡ್ ಅವರ ಮಲಯಾಳಂ ಕಾದಂಬರಿ 'ಎಣ್ಮಕಜೆ' ಬಂತು. ವರದಿಯಲ್ಲಿ ಬರೀ ಅಂಕಿಯಾಗಿದ್ದ ಮಕ್ಕಳಿಗೆ ಅಲ್ಲಿ ಮುಖ ಸಿಕ್ಕಿತು. 2011ರಲ್ಲಿ ಸುಪ್ರೀಂ ಕೋರ್ಟ್ ಈ ವಿಷಕ್ಕೆ ದೇಶದಾದ್ಯಂತ ತಡೆ ಹಾಕಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂದಿತು. ಪಟ್ಟಿಯಲ್ಲಿ ಹೆಸರಿಲ್ಲದವರ ಪಾಡು?

ಬ್ಯಾಂಕ್ ಕೌಂಟರಿನಲ್ಲಿ ಕೂರೋ ನಮಗೆ ಇದು ಚೆನ್ನಾಗಿ ಗೊತ್ತು: ಎಂಟ್ರಿ ಇಲ್ಲದ್ದಕ್ಕೆ ಲೆಕ್ಕವಿಲ್ಲ. ಊರಿನ ನೋವಿಗೂ ಅಷ್ಟೇ.

ಮಲಯಾಳಂನಲ್ಲಿ ಬರೆದವರಿಗೆ ನಾವು ಕೈಮುಗೀತೀವಿ. ಆದ್ರೆ ಕನ್ನಡ, ತುಳು ಮಾತಾಡೋ ಊರಿನ ಕಥೆಯನ್ನ ನಾವೂ ಬರೀಬೇಕಲ್ವಾ? ಹೊಸೂರಿರಲಿ, ಜತ್ ಇರಲಿ, ಇವತ್ತೇ ಒಂದು ನೋಟ್‌ಬುಕ್ ತೆಗೀರಿ. ಬಾವಿ ಯಾವ ತಿಂಗಳು ಬತ್ತಿತು, ಜೇನು ಯಾವಾಗ ಗೂಡು ಬಿಟ್ಟಿತು, ಹೊಲಕ್ಕೆ ಯಾವ ಔಷಧಿ ಹೊಡೆದರು — ತಾರೀಖು ಸಮೇತ ಕನ್ನಡದಲ್ಲಿ ಬರೆದಿಡಿ. ನಾಳೆ ಅದೇ ವಿಜ್ಞಾನಿಗೆ ದಾಖಲೆ, ಕಾದಂಬರಿಕಾರನಿಗೆ ಬೀಜ. ನಮ್ಮೂರಿಗೆ ಸಾಕ್ಷಿ.