ಯಂತ್ರ ಮನೆಗೆ ಬರುವ ಮುನ್ನ



ಮುಂಗಾರು ಕಾಲಿಟ್ಟು ಹುಲ್ಲು ಮೊಣಕಾಲೆತ್ತರ ಬೆಳೆಯಿತೆಂದರೆ ಸಾಕು, ಭೀಮಸಮುದ್ರದ ಅಡಿಕೆ ತೋಟಗಳಲ್ಲಿ ಬೆಳಗಿನಿಂದಲೇ ಪೆಟ್ರೋಲ್ ಯಂತ್ರಗಳ ಸದ್ದು ಏಳುತ್ತದೆ. ಕಳೆ ಕೊಚ್ಚುವ ಬ್ರಷ್ ಕಟರ್ ಈಗ ಕುಡುಗೋಲಿನ ಪಕ್ಕದಲ್ಲೇ ತೂಗುವ ಸಾಮಾನು. ಅದರ ಬೆನ್ನಿಗೇ ಮರ ಕೊಯ್ಯುವ ಚೈನ್ ಗರಗಸವೂ ಹಿತ್ತಿಲಿಗೆ ಬರುತ್ತಿದೆ. ಯಾವುದನ್ನು ಕೊಳ್ಳಬೇಕೆಂದು ಅಂಗಡಿಯವನನ್ನು ಕೇಳುವ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಕೆಲವು ಪ್ರಶ್ನೆಗಳಿವೆ.

ಯಂತ್ರವೇ ಬೇಡವೆಂಬುದು ನಮ್ಮ ನಿಲುವಲ್ಲ. ಕಳೆ ಕೀಳಲು ಆಳು ಸಿಗದ ದಿನಗಳಲ್ಲಿ ರೈತನ ಮುಂದಿರುವ ಇನ್ನೊಂದು ದಾರಿ ಕಳೆನಾಶಕದ ಡಬ್ಬಿ. ವಿಷ ಸಿಂಪಡಿಸಿದ ನೆಲ ಬತ್ತಲಾಗುತ್ತದೆ. ಯಂತ್ರದಿಂದ ಕೊಚ್ಚಿದ ಹುಲ್ಲಾದರೋ ಬೇರನ್ನು ಮಣ್ಣಿನಲ್ಲೇ ಉಳಿಸಿ, ತಾನು ಮೇಲೆ ಹೊದಿಕೆಯಾಗಿ ತೇವವನ್ನು ಕಾಯುತ್ತದೆ. ಬರಕ್ಕೆ ಹೆಸರಾದ ಜಿಲ್ಲೆಯಲ್ಲಿ, ಕೊಳವೆಬಾವಿಯನ್ನು ನಂಬಿ ಅಡಿಕೆ ಬೆಳೆಯುವ ನಮಗೆ ಈ ತೇವ ಸಣ್ಣ ಲಾಭವೇನಲ್ಲ. ಆದ್ದರಿಂದ ನೆಲಕ್ಕೆ ತಾಗುವಂತೆ ಬೋಳಿಸದೆ ಎರಡು ಮೂರು ಅಂಗುಲ ಹುಲ್ಲು ಉಳಿಸಿ ಕೊಚ್ಚುವುದೇ ಸರಿಯಾದ ಕ್ರಮ.

ಆದರೆ ಎಂಜಿನ್ ಯಾವುದು? ಅಗ್ಗವಾಗಿ ಸಿಗುವ ಯಂತ್ರಗಳಲ್ಲಿ ಹೆಚ್ಚಿನವು ಟೂ-ಸ್ಟ್ರೋಕ್. ಇವುಗಳಲ್ಲಿ ಆಯಿಲನ್ನು ಪೆಟ್ರೋಲಿನೊಂದಿಗೇ ಬೆರೆಸಿ ಉರಿಸಬೇಕು. ಯಂತ್ರಕ್ಕೆ ತಕ್ಕಂತೆ ಲೀಟರಿಗೆ 20ರಿಂದ 40 ಮಿಲಿಲೀಟರ್. ಸಾಮಾನ್ಯ ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಹಾಕಿದ ಇಂಧನದ ಕಾಲು ಭಾಗದಷ್ಟು ಉರಿಯದೆಯೇ ಹೊಗೆಯೊಡನೆ ಹೊರಬೀಳುತ್ತದೆ. ಅದನ್ನು ಮೊದಲು ಉಸಿರಾಡುವವನು ಯಂತ್ರ ಹಿಡಿದವನೇ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ವಾಯು ಮಂಡಳಿಯ ಲೆಕ್ಕದಂತೆ, ಎಲೆ ಊದುವ ಪೆಟ್ರೋಲ್ ಯಂತ್ರವೊಂದನ್ನು ಒಂದು ಗಂಟೆ ನಡೆಸಿದರೆ ಹೊಮ್ಮುವ ಹೊಗೆಮಂಜಿನ ಮಾಲಿನ್ಯ, ಕಾರೊಂದು ಸುಮಾರು 1,770 ಕಿಲೋಮೀಟರ್ ಓಡಿದಾಗ ಹೊಮ್ಮುವಷ್ಟಿರುತ್ತದೆ. ಇಂತಹ ಸಣ್ಣ ಎಂಜಿನ್‌ಗಳ ಹೊಸ ಮಾರಾಟಕ್ಕೆ ತಡೆಯೊಡ್ಡುವ ಕಾನೂನನ್ನು ಆ ರಾಜ್ಯ 2021ರಲ್ಲಿ ಅಂಗೀಕರಿಸಿತು. ನಮ್ಮಲ್ಲಿ ಫೋರ್-ಸ್ಟ್ರೋಕ್ ಯಂತ್ರಗಳೂ ಸಿಗುತ್ತವೆ. ಬೆಲೆ ಹೆಚ್ಚು, ಹೊಗೆ ಕಡಿಮೆ. ಮನೆಯಂಗಳ, ಹಿತ್ತಿಲಿಗಾದರೆ ಬ್ಯಾಟರಿ ಯಂತ್ರವೇ ಸಾಕು.

ಇನ್ನು ದುಡಿಯುವ ಮೈಯ ಮಾತು. 100 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 15 ನಿಮಿಷಕ್ಕಿಂತ ಹೆಚ್ಚು ಹೊತ್ತು ಬರಿಗಿವಿಯಲ್ಲಿರಬಾರದೆಂಬುದು ಆರೋಗ್ಯ ತಜ್ಞರ ಮಿತಿ. ಗರಗಸದ ಸದ್ದು ಅದನ್ನೂ ಮೀರುತ್ತದೆ. ದೀರ್ಘಕಾಲದ ಅದುರುವಿಕೆಯಿಂದ ಬೆರಳುಗಳ ರಕ್ತಸಂಚಾರ ಕುಂದಿ ಅವು ಬಿಳಿಚಿಕೊಳ್ಳುವ ಕಾಯಿಲೆಯೂ ಉಂಟು. ಅನೇಕ ಕಡೆ ಯಂತ್ರ ಮಾಲೀಕನದು, ಕಿವಿ ಮತ್ತು ಕೈ ಕೂಲಿಯವನದು. ಕಿವಿಮುಚ್ಚಿಗೆ, ಕನ್ನಡಕ, ಗಟ್ಟಿ ಬೂಟುಗಳ ಬೆಲೆಯನ್ನು ಯಂತ್ರದ ಬೆಲೆಯೊಳಗೇ ಸೇರಿಸಿ ಲೆಕ್ಕಹಾಕುವುದು ನ್ಯಾಯ.

ಚೈನ್ ಗರಗಸದ ವಿಚಾರವೇ ಬೇರೆ. ಬರಗಾಲದಲ್ಲಿ ಒಣಗಿ ನಿಂತ ಅಡಿಕೆ ಮರಗಳನ್ನು ತೆಗೆಯಬೇಕಾದ ರೈತನಿಗೆ ಅದು ನೆರವಾಗುತ್ತದೆ, ನಿಜ. ಆದರೆ ಬದುವಿನ ಮೇಲಿನ ಹುಣಸೆಯನ್ನೋ ಹೊಂಗೆಯನ್ನೋ ಕೊಡಲಿಯಿಂದ ಉರುಳಿಸಲು ದಿನವಿಡೀ ಬೇಕಾಗುತ್ತಿತ್ತು. ಆಳು ಕರೆಯಬೇಕು, ಹಗ್ಗ ಹೊಂದಿಸಬೇಕು, ಅಷ್ಟರೊಳಗೆ ಮನೆಯ ಹಿರಿಯರೊಬ್ಬರು ‘ಯಾಕಪ್ಪಾ ಕಡೀತೀಯ?’ ಎಂದು ಕೇಳುತ್ತಿದ್ದರು. ಆ ಪ್ರಶ್ನೆಯಿಂದ ಉಳಿದ ಮರಗಳು ಎಷ್ಟೋ. ಗರಗಸ ಕೈಯಲ್ಲಿದ್ದಾಗ ಕೇಳುವಷ್ಟು ಸಮಯವೇ ಇರುವುದಿಲ್ಲ. ಅಜ್ಜ ನೆಟ್ಟ ಮರ ಅರ್ಧ ಗಂಟೆಯಲ್ಲಿ ಸೌದೆಯಾಗುತ್ತದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಲ್ಕಣಿಯ ಜನ ಅಪ್ಪಿಕೋ ಎಂದು ಮರಗಳನ್ನು ತಬ್ಬಿ ನಿಂತಾಗ ಕಡಿಯುವವರು ಹೊರಗಿನವರಾಗಿದ್ದರು. ಇಂದು ನಮ್ಮ ಬದುವಿನ ಮರವನ್ನು ನಮ್ಮಿಂದಲೇ ಕಾಯಬೇಕಾಗಿದೆ.

ಕಾನೂನೂ ಇದನ್ನೇ ಹೇಳುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ, ನೀಲಗಿರಿ, ತೆಂಗು, ಸಿಲ್ವರ್ ಓಕ್ ಮುಂತಾದ ವಿನಾಯಿತಿ ಪಡೆದ ಜಾತಿಗಳ ಹೊರತು, ಸ್ವಂತ ಜಮೀನಿನ ಮರವನ್ನಾದರೂ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಜೊತೆಗೆ ಅಪಾಯವನ್ನೂ ಮರೆಯಬಾರದು. ಗರಗಸದ ಪಟ್ಟಿಯ ತುದಿ ಮರಕ್ಕೆ ತಾಗಿದರೆ ಯಂತ್ರ ಹಿಮ್ಮುಖವಾಗಿ ಮುಖಕ್ಕೇ ಚಿಮ್ಮುತ್ತದೆ. ಏಣಿಯ ಮೇಲೆ ನಿಂತಾಗಲೀ ಹೆಗಲಿಗಿಂತ ಎತ್ತರಕ್ಕಾಗಲೀ ಅದನ್ನು ಬಳಸಲೇಬಾರದು. ವರ್ಷಕ್ಕೊಂದೆರಡು ಬಾರಿ ಬೇಕಾಗುವ ಇಂತಹ ಯಂತ್ರವನ್ನು ಮನೆಯಲ್ಲಿಟ್ಟುಕೊಳ್ಳುವುದಕ್ಕಿಂತ ಪಳಗಿದವರನ್ನು ಕರೆಸುವುದು ಎಲ್ಲ ರೀತಿಯಲ್ಲೂ ಮೇಲು.

2011ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರು ಗಣಿಗಾರಿಕೆಗೆ ತಡೆಯಾಜ್ಞೆ ನೀಡಿದ್ದನ್ನು ಈ ಸೀಮೆಯವರು ಮರೆತಿಲ್ಲ. ಅದಿರಿನ ಕೆಂಪು ದೂಳು ತೋಟದ ಮೇಲೆ ಕೂತಾಗ ಬೆಟ್ಟಗಳನ್ನು ಯಂತ್ರಗಳು ನುಂಗುತ್ತಿವೆಯೆಂದು ಕೂಗಿದ ನಾವು, ನಮ್ಮ ಕೈಯಲ್ಲಿರುವ ಯಂತ್ರಕ್ಕೆ ಬೇರೊಂದು ಅಳತೆಗೋಲು ಹಿಡಿಯಲಾದೀತೆ?

ನಮ್ಮ ಸಲಹೆ ಇಷ್ಟೇ. ಹತ್ತು ಮನೆಗಳು ಕೂಡಿ ಒಂದು ಒಳ್ಳೆಯ ಫೋರ್-ಸ್ಟ್ರೋಕ್ ಬ್ರಷ್ ಕಟರ್ ಕೊಳ್ಳಲಿ, ಅಥವಾ ಬಾಡಿಗೆಗೆ ತರಲಿ. ತೋಟದಲ್ಲಿ ನೈಲಾನ್ ದಾರವನ್ನು ಆದಷ್ಟು ದೂರವಿಡಲಿ. ಸವೆದ ದಾರದ ಚೂರುಗಳು ಮಣ್ಣಿನಲ್ಲೇ ಉಳಿಯುತ್ತವೆ, ಎಳೆಯ ಗಿಡದ ಬುಡದ ಸಿಪ್ಪೆಯೂ ಕೀಳುತ್ತದೆ. ಗರಗಸ ಬೇಕೇ ಬೇಕೆಂದರೆ ಅದೂ ಸಂಘದಲ್ಲಿರಲಿ. ಕೇಳಿ ಪಡೆಯುವವರು ಯಾವ ಮರ, ಏಕೆ, ಅದರ ಬದಲಿಗೆ ಎಲ್ಲಿ ಎಷ್ಟು ಸಸಿ ಎಂಬುದನ್ನು ಪುಸ್ತಕದಲ್ಲಿ ಬರೆದು ಒಯ್ಯಲಿ. ಆ ಪುಸ್ತಕ ಬರೆಯುವ ಹೊಣೆಯನ್ನು ಊರಿನ ವಿದ್ಯಾರ್ಥಿಗಳು ಹೊರಲಿ. ಹಿಂದೆ ಹಿರಿಯರು ಕೇಳುತ್ತಿದ್ದ ಆ ಒಂದು ಪ್ರಶ್ನೆಯನ್ನು ಇನ್ನು ಮುಂದೆ ಅವರು ಕೇಳಲಿ.