ಸೈಟು ಅಗ್ಗ, ದಾರಿ ದುಬಾರಿ

ನನ್ನ ಖಾಲಾ ಮಗಳ ಮನೆ ಕಮಲಾಪುರದಲ್ಲಿದೆ. ಅವಳು ದಿನಾ ಹುಮನಾಬಾದ್ ರಸ್ತೆಯಲ್ಲಿ ಬಸ್ಸು ಹತ್ತಿ, ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ದಾಟಿ ಕಲಬುರಗಿಯ ಕಾಲೇಜಿಗೆ ಸಮಯಕ್ಕೆ ಸರಿಯಾಗಿ ಬರುತ್ತಾಳೆ. ಕಲಬುರಗಿಯಲ್ಲೇ ಇರುವ ನನ್ನ ಆಪಾ ಮಾತ್ರ ಎಂಟು ಕಿಲೋಮೀಟರ್ ದೂರದ ಕಂಪ್ಯೂಟರ್ ತರಗತಿಯನ್ನು ಎರಡೇ ತಿಂಗಳಲ್ಲಿ ಬಿಟ್ಟಳು. ಕಾರಣ ಇಷ್ಟೇ: ಕಮಲಾಪುರ ಬಸ್ಸಿನ ದಾರಿಯಲ್ಲಿದೆ, ನಮ್ಮ ಹೊಸ ಮನೆ ಇಲ್ಲ.

ಮೊದಲು ನಾವು ಖಾಜಾ ಬಂದಾನವಾಜ್ ದರ್ಗಾದ ಹತ್ತಿರ, ಹಳೆ ಮೊಹಲ್ಲಾದಲ್ಲಿದ್ದೆವು. ಶಾಲೆ, ಮಸೀದಿ, ಕಿರಾಣಿ ಅಂಗಡಿ, ದವಾಖಾನೆ ಎಲ್ಲಕ್ಕೂ ನಡೆದೇ ಹೋಗುತ್ತಿದ್ದೆವು. ಬಾಡಿಗೆ ಸಾಕಾಗಿ ಅಬ್ಬಾ ರಿಂಗ್ ರೋಡಿನ ಆಚೆ ಸೈಟು ಕೊಂಡರು. ಮನೆ ಚೆನ್ನಾಗಿದೆ. ಆದರೆ ಅಲ್ಲಿ ಅಂಗಡಿಯಿಲ್ಲ, ಶಾಲೆಯಿಲ್ಲ, ಬಸ್ ನಿಲ್ದಾಣವಂತೂ ಇಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತ. ಬಸ್ಸೇ ಬಾರದ ರಸ್ತೆಯಲ್ಲಿ ಉಚಿತ ಟಿಕೆಟ್ ಇಟ್ಟುಕೊಂಡು ಆಪಾ ಏನು ಮಾಡಬೇಕು?

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಹಾಗಾಗಿ ಲೆಕ್ಕ ಬರೆದು ನೋಡಿದೆ. ಅಬ್ಬಾ ಮತ್ತು ಅಣ್ಣನ ಎರಡು ಬೈಕುಗಳು ದಿನಕ್ಕೆ ಸುಮಾರು 48 ಕಿಲೋಮೀಟರ್ ಓಡುತ್ತವೆ, ಅಂದರೆ ಹೆಚ್ಚುಕಡಿಮೆ ಒಂದು ಲೀಟರ್ ಪೆಟ್ರೋಲ್. ತಿಂಗಳಿಗೆ 26 ಲೀಟರ್. ಲೀಟರಿಗೆ 100 ರೂಪಾಯಿ ಹಿಡಿದರೂ 2,600 ರೂಪಾಯಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಆ ಲೆಕ್ಕದಲ್ಲಿ ನಮ್ಮದೊಂದೇ ಮನೆಯಿಂದ ತಿಂಗಳಿಗೆ 60 ಕಿಲೋ. ಸೈಟು ಅಗ್ಗಕ್ಕೆ ಸಿಕ್ಕಿತು ಎಂದು ಖುಷಿಪಟ್ಟಾಗ ಈ ಖರ್ಚನ್ನು ಯಾರೂ ಬರೆದಿರಲಿಲ್ಲ.

ಎಲೆಕ್ಟ್ರಿಕ್ ಸ್ಕೂಟರ್ ಕೊಂಡರಾಯಿತಲ್ಲ ಎಂದು ಗೆಳೆಯರು ಹೇಳುತ್ತಾರೆ. ಹೊಗೆ ಕಡಿಮೆಯಾಗುತ್ತದೆ, ನಿಜ. ಆದರೆ ದೂರ ಕಡಿಮೆಯಾಗುವುದಿಲ್ಲ. ಗಾಡಿ ಕೊಳ್ಳಲಾಗದವರು, ಓಡಿಸಲಾಗದವರು ಮನೆಯಲ್ಲೇ ಉಳಿಯುತ್ತಾರೆ. ಐದು ಕಿಲೋಮೀಟರಿಗೆ ಒಂದು ಲೀಟರ್ ಡೀಸೆಲ್ ಕುಡಿಯುವ ಬಸ್ಸು 50 ಜನರನ್ನು ಹೊತ್ತರೆ, ಒಬ್ಬರ ಪಾಲಿಗೆ ಬರುವ ಹೊಗೆ ಒಬ್ಬರೇ ಹೋಗುವ ಬೈಕಿನ ಕಾಲು ಭಾಗಕ್ಕಿಂತ ಕಡಿಮೆ.

ಅದಕ್ಕೇ ನನ್ನ ಅಭಿಪ್ರಾಯ: ಬಡಾವಣೆಗೆ ಒಪ್ಪಿಗೆ ಕೊಡುವಾಗ ರಸ್ತೆ, ಚರಂಡಿ, ಪಾರ್ಕಿನ ಜೊತೆ ಬಸ್ಸಿನ ದಾರಿಯನ್ನೂ ಕೇಳಬೇಕು. ನಡೆದು ಹೋಗುವಷ್ಟು ದೂರದಲ್ಲಿ ಶಾಲೆ, ಅಂಗಡಿ ಇರಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ನಡೆಯುವವರಿಗೆ ಮರದ ನೆರಳೂ ಬೇಕು.

ಕಮಲಾಪುರಕ್ಕೆ ಇನ್ನೂ ಸಮಯವಿದೆ. ಅದು ಈಗ ತಾಲ್ಲೂಕು ಕೇಂದ್ರ. 2017ರಲ್ಲಿ ಶುರುವಾದ ಬೀದರ್–ಕಲಬುರಗಿ ರೈಲು ಮಾರ್ಗದಲ್ಲಿ ಅದಕ್ಕೂ ನಿಲ್ದಾಣವಿದೆ. ಹೊಸ ಕಚೇರಿ, ಕಾಲೇಜು, ಮನೆಗಳು ಬಸ್ಸು ರೈಲಿಗೆ ಹತ್ತಿರ ಬಂದರೆ ಕೆಂಪು ಬಾಳೆ ಬೆಳೆಯುವ ಹೊಲಗಳೂ ಉಳಿಯುತ್ತವೆ, ಪೆಟ್ರೋಲೂ ಉಳಿಯುತ್ತದೆ.

ನಾವೇನು ಮಾಡಬಹುದು? ಪ್ರಾಂಶುಪಾಲರು ಅನುಮತಿ ಕೊಟ್ಟರೆ, ಯಾರು ಎಲ್ಲಿಂದ, ಯಾವುದರಲ್ಲಿ, ಎಷ್ಟು ಖರ್ಚು ಮಾಡಿ ಬರುತ್ತಾರೆ ಎಂದು ಪ್ರತಿ ತರಗತಿಯಲ್ಲೂ ಒಂದು ಪಟ್ಟಿ ಮಾಡೋಣ. ಅದನ್ನು ನಗರಾಭಿವೃದ್ಧಿ ಪ್ರಾಧಿಕಾರಕ್ಕೂ ಸಾರಿಗೆ ನಿಗಮಕ್ಕೂ ಮನವಿಯ ಜೊತೆ ಕೊಡೋಣ. ಬಾಯಿಮಾತಿಗಿಂತ ಲೆಕ್ಕಕ್ಕೆ ಬೆಲೆ ಹೆಚ್ಚು ಎಂದು ನಮ್ಮ ಅಕೌಂಟೆನ್ಸಿ ತರಗತಿಯಲ್ಲಿ ಕಲಿತಿದ್ದೇವೆ. ಆ ಪಟ್ಟಿಯಲ್ಲಿ ಮೊದಲ ಸಾಲು ನಮ್ಮ ಮನೆಯದಿರಲಿ.