ಎಟಿವಿಗೆ ಬಿಗ್ ಬೋರ್ ಹಾಕಿಸೋ ಮುಂಚೆ ಸ್ಪ್ರಾಕೆಟ್ ಹಲ್ಲು ಎಣಿಸಿ

ಮಲೆನಾಡಿನ ತೋಟಗಳಲ್ಲಿ ಈಗ ಅಲ್ಲೊಂದು ಇಲ್ಲೊಂದು ಎಟಿವಿ ಕಾಣಿಸುತ್ತೆ. ಅಡಿಕೆ ಗೊನೆ, ಗೊಬ್ಬರದ ಚೀಲ, ಔಷಧಿ ಡ್ರಮ್ ಎಲ್ಲವನ್ನೂ ಸಣ್ಣ ಟ್ರಾಲಿಯಲ್ಲಿ ಹಾಕಿ ಎಳೆಯೋಕೆ ಅನುಕೂಲ. ಗಾಡಿ ತಗೊಂಡ ಹುಡುಗರು ಸ್ವಲ್ಪ ದಿನಕ್ಕೇ ಮೊಬೈಲ್‌ನಲ್ಲಿ ವಿಡಿಯೋ ನೋಡಿ ಕೇಳೋ ಪ್ರಶ್ನೆ ಒಂದೇ: "ಬಿಗ್ ಬೋರ್ ಕಿಟ್ ಹಾಕಿಸಿದ್ರೆ ಏರಿನಲ್ಲಿ ಚೆನ್ನಾಗಿ ಎಳೆಯುತ್ತಾ?"

ಎಳೆಯುತ್ತೆ. ಸುಳ್ಳು ಹೇಳಲ್ಲ. ಆದ್ರೆ ತೋಟದ ಕೆಲಸಕ್ಕೆ ಅದು ನೀವು ಮಾಡೋ ಕೊನೆಯ ಖರ್ಚಾಗಬೇಕು, ಮೊದಲನೆಯದಲ್ಲ. ಇದು ನನ್ನ ಖಚಿತ ಅಭಿಪ್ರಾಯ. ಯಾಕೆ ಅಂತ ಲೆಕ್ಕ ಸಮೇತ ಹೇಳ್ತೀನಿ.

ಬಿಗ್ ಬೋರ್ ಅಂದ್ರೆ ಸಿಲಿಂಡರ್‌ನ ಒಳ ಅಗಲ ಜಾಸ್ತಿ ಮಾಡಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಕೂರಿಸೋದು. ಯಮಹಾ ರಾಪ್ಟರ್ 700 ತಗೊಳ್ಳಿ. ಕಂಪನಿಯಿಂದ ಬರುವಾಗ ಅದರ ಬೋರ್ 102 ಎಂಎಂ, ಸ್ಟ್ರೋಕ್ 84 ಎಂಎಂ, ಒಟ್ಟು 686 ಸಿಸಿ. ಬೋರನ್ನು 105.5 ಎಂಎಂ ಮಾಡಿದ್ರೆ 734 ಸಿಸಿ ಆಗುತ್ತೆ. ಮೂರೂವರೆ ಎಂಎಂಗೆ 48 ಸಿಸಿ, ಅಂದ್ರೆ ಶೇಕಡಾ 7ರಷ್ಟು ಹೆಚ್ಚಳ. ಕಿಟ್ ಮಾರೋರು ಇಲ್ಲಿಗೇ ನಿಲ್ಲಿಸ್ತಾರೆ. ನಿಮ್ಮ ಖರ್ಚು ಶುರುವಾಗೋದು ಇಲ್ಲಿಂದ.

ಸಿಲಿಂಡರ್ ದೊಡ್ಡದಾಯ್ತು, ಹೆಡ್ಡಿನ ಒಳಗಿನ ಜಾಗ ಅಷ್ಟೇ ಇದೆ. ಹಾಗಾಗಿ ಕಂಪ್ರೆಷನ್ ತಾನಾಗೇ ಏರುತ್ತೆ. ಇದೇ ಇಂಜಿನ್‌ನಲ್ಲಿ 9.2 ಇದ್ದದ್ದು ಸುಮಾರು 9.8ಕ್ಕೆ ಹೋಗುತ್ತೆ. ಪಿಸ್ಟನ್ ತಲೆ ಉಬ್ಬಿದ್ದರೆ ಇನ್ನೂ ಜಾಸ್ತಿ. ಪೆಟ್ರೋಲ್ ಅದಕ್ಕೆ ಒಗ್ಗದಿದ್ರೆ ಇಂಜಿನ್ ಟಕಟಕ ಅಂತ ನಾಕಿಂಗ್ ಮಾಡುತ್ತೆ, ಪಿಸ್ಟನ್ ಕರಗೋವರೆಗೂ ಹೋಗಬಹುದು. ಗಾಳಿ ಹೆಚ್ಚು ಎಳೆದುಕೊಳ್ಳೋದ್ರಿಂದ ಪೆಟ್ರೋಲೂ ಹೆಚ್ಚು ಬೇಕು. ಕಾರ್ಬ್ಯುರೇಟರ್ ಇದ್ರೆ ಜೆಟ್ ಬದಲಿಸಬೇಕು, ಇಂಜೆಕ್ಷನ್ ಇದ್ರೆ ಇಸಿಯು ಟ್ಯೂನ್ ಮಾಡಿಸಬೇಕು. ನಮ್ಮ ಬಂಕ್‌ಗಳಲ್ಲಿ ಈಗ ಸಿಗೋ ಪೆಟ್ರೋಲ್‌ನಲ್ಲಿ ಶೇಕಡಾ 20 ಎಥನಾಲ್ ಇದೆ. ಎಥನಾಲ್ ಇದ್ದಾಗ ಅದೇ ಗಾಳಿಗೆ ಇಂಧನ ಇನ್ನೂ ಸ್ವಲ್ಪ ಜಾಸ್ತಿ ಬೇಕಾಗುತ್ತೆ. ಅಮೆರಿಕದ ವಿಡಿಯೋ ನೋಡಿ ಅದೇ ನಂಬರಿನ ಜೆಟ್ ಹಾಕಿದ್ರೆ ಇಲ್ಲಿ ಸರಿಹೋಗುತ್ತೆ ಅಂತ ನಂಬಬೇಡಿ.

ಅಷ್ಟಕ್ಕೇ ಮುಗಿಯಲ್ಲ. ಹೊಸ ಅಳತೆಯ ಹೆಡ್ ಗ್ಯಾಸ್ಕೆಟ್ ಬೇಕು. ರಿಂಗ್ ಗ್ಯಾಪ್ ಅಳೆದು ಕೂರಿಸಬೇಕು. ಸಾಮಾನ್ಯವಾಗಿ ಬೋರಿನ ಪ್ರತಿ 25 ಎಂಎಂಗೆ 0.1 ಎಂಎಂ ಲೆಕ್ಕ, ಆದ್ರೆ ಪಿಸ್ಟನ್ ತಯಾರಕರು ಕೊಟ್ಟ ಅಳತೆಯೇ ಅಂತಿಮ. ಕ್ಲಚ್ ಪ್ಲೇಟ್, ಸ್ಪ್ರಿಂಗ್ ಗಟ್ಟಿ ಬೇಕು. ಕೆಲವು ಕಿಟ್‌ಗಳಿಗೆ ಕ್ರ್ಯಾಂಕ್‌ಕೇಸನ್ನೇ ಕೊರೆಯಬೇಕಾಗುತ್ತೆ. ಒಮ್ಮೆ ಕೊರೆದ ಮೇಲೆ ಹಿಂದಕ್ಕೆ ಬರೋ ದಾರಿ ಇಲ್ಲ. ಇದರಲ್ಲಿ ಒಂದನ್ನು ಬಿಟ್ಟರೂ ಉಳಿದದ್ದಕ್ಕೆ ಹಾಕಿದ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಈ ಕಿಟ್‌ಗಳಿಗೆ ನಿಜವಾದ ಬೇಡಿಕೆ ಇರೋದು ಅಮೆರಿಕದ ಮರಳುದಿಬ್ಬಗಳಲ್ಲಿ, ರೇಸ್ ಟ್ರ್ಯಾಕ್‌ಗಳಲ್ಲಿ. ಕ್ಯಾಲಿಫೋರ್ನಿಯಾದ ಗ್ಲಾಮಿಸ್‌ನಂಥ ಕಡೆ ದಿಬ್ಬ ಹತ್ತೋಕೆ ವೇಗ ಬೇಕು, ವೇಗಕ್ಕೆ ಪವರ್ ಬೇಕು. ಅಲ್ಲಿ ಗಾಡಿ ಓಡುವಾಗ ಗಾಳಿ ಬಡಿದು ಇಂಜಿನ್ ತಣ್ಣಗಾಗುತ್ತೆ. ನಮ್ಮದು ಉಲ್ಟಾ. ಬೆನ್ನಿಗೆ ಮೂರು ಕ್ವಿಂಟಾಲ್ ಭಾರ, ಮುಂದೆ ಏರು, ವೇಗ ನಡೆಯೋ ಮನುಷ್ಯನಷ್ಟು. ಏರ್ ಕೂಲ್ಡ್ ಇಂಜಿನ್‌ಗೆ ಗಾಳಿಯೇ ಸಿಗಲ್ಲ. ಹೆಚ್ಚು ಪೆಟ್ರೋಲ್ ಸುಟ್ಟರೆ ಹೆಚ್ಚು ಬಿಸಿ. ನಮಗೆ ಬೇಕಾಗಿರೋದು ವೇಗ ಅಲ್ಲ, ಚಕ್ರದಲ್ಲಿ ಎಳೆತ.

ಎಳೆತ ಬರೋಕೆ ಅಗ್ಗದ ದಾರಿ ಇದೆ. ನಿಮ್ಮದು ಚೈನ್ ಗಾಡಿ, ಮುಂದಿನ ಸ್ಪ್ರಾಕೆಟ್ 13 ಹಲ್ಲಿನದು ಅಂದ್ಕೊಳ್ಳಿ. ಅದನ್ನ ತೆಗೆದು 12 ಹಲ್ಲಿನದು ಹಾಕಿ. ಚಕ್ರಕ್ಕೆ ಹೋಗೋ ಎಳೆತ ಎಲ್ಲಾ ಗೇರಿನಲ್ಲೂ ಶೇಕಡಾ 8ರಷ್ಟು ಹೆಚ್ಚುತ್ತೆ. ಅಷ್ಟೇ ಪ್ರಮಾಣದಲ್ಲಿ ವೇಗ ಕಡಿಮೆಯಾಗುತ್ತೆ, ಅದು ತೋಟದಲ್ಲಿ ನಷ್ಟವೇ ಅಲ್ಲ. ಇಂಜಿನ್ ಪವರ್ ಹೆಚ್ಚಲಿಲ್ಲ, ನಿಜ. ಆದ್ರೆ ಸಿಸಿಯಲ್ಲಿ ಶೇಕಡಾ 7 ಹೆಚ್ಚಿಸೋ ಕಿಟ್‌ನ ಬೆಲೆ ಎಲ್ಲಿ, ಒಂದು ಸ್ಪ್ರಾಕೆಟ್‌ನ ಬೆಲೆ ಎಲ್ಲಿ? ಇಷ್ಟವಾಗದಿದ್ರೆ ಹಳೇದನ್ನ ಸಂಜೆಯೇ ವಾಪಸ್ ಹಾಕಬಹುದು. ಮುಂದಿನದನ್ನು ಇನ್ನೂ ಸಣ್ಣ ಮಾಡಬೇಡಿ, ಚೈನ್ ಬೇಗ ಸವೆಯುತ್ತೆ. ಸಾಲದಿದ್ರೆ ಹಿಂದಿನದರಲ್ಲಿ ಎರಡು ಹಲ್ಲು ಏರಿಸಿ. ಬೆಲ್ಟ್ ಗಾಡಿಯಾದ್ರೆ ಲೋ ಗೇರ್ ಇದೆಯಾ ನೋಡಿ. ಇದ್ರೆ ಭಾರ ಎಳೆಯುವಾಗ ಕಡ್ಡಾಯವಾಗಿ ಅದನ್ನೇ ಬಳಸಿ. ಬೆಲ್ಟ್ ಸವೆದಿದ್ರೆ ಬದಲಿಸಿ, ಕ್ಲಚ್ ವೇಟ್ ಮತ್ತು ಸ್ಪ್ರಿಂಗ್ ಹೊಂದಿಸೋರು ಸಿಕ್ಕಿದ್ರೆ ಹೊಂದಿಸಿ.

ಇನ್ನೊಂದು ಮಾತು. "ಎಳೆಯಲ್ಲ" ಅನ್ನೋ ಗಾಡಿಗಳನ್ನು ನೋಡಿದ್ರೆ, ದೋಷ ಸಣ್ಣ ಇಂಜಿನ್‌ದು ಆಗಿರಲೇಬೇಕು ಅಂತಿಲ್ಲ. ಏರ್ ಫಿಲ್ಟರ್ ಧೂಳು ತುಂಬಿರುತ್ತೆ. ವಾಲ್ವ್ ಕ್ಲಿಯರೆನ್ಸ್ ನೋಡಿ ವರ್ಷಗಳಾಗಿರುತ್ತೆ. ಬ್ರೇಕ್ ಹಿಡ್ಕೊಂಡಿರುತ್ತೆ, ಕ್ಲಚ್ ಜಾರುತ್ತಿರುತ್ತೆ, ಟಯರ್‌ನಲ್ಲಿ ಗಾಳಿ ಸರಿ ಇರಲ್ಲ. ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ, ಇವೆಲ್ಲ ಸರಿಮಾಡಿಸಿ, ಆಮೇಲೆ ಮಾತಾಡೋಣ. ಫಿಲ್ಟರ್ ಬಾಕ್ಸ್‌ನಲ್ಲಿ ಸಂದಿ ಬಿಟ್ಟು ಬಿಗ್ ಬೋರ್ ಹಾಕಿದ್ರೆ, ದೊಡ್ಡ ಸಿಲಿಂಡರ್ ಅಷ್ಟೇ ಜಾಸ್ತಿ ಧೂಳು ನುಂಗುತ್ತೆ.

ಹಾಗಾದ್ರೆ ಬಿಗ್ ಬೋರ್ ಯಾವತ್ತೂ ಬೇಡವಾ? ಸಿಲಿಂಡರ್ ಸವೆದು ಹೊಗೆ ಬರ್ತಿದ್ರೆ ಹೇಗೂ ಬಿಚ್ಚಲೇಬೇಕು. ಆಗಲೂ ಮೊದಲ ಆಯ್ಕೆ ಮಾಮೂಲಿ ಓವರ್‌ಸೈಜ್. ಸಿಲಿಂಡರ್‌ಗೆ ಕಬ್ಬಿಣದ ಸ್ಲೀವ್ ಇದ್ದು, ನಿಮ್ಮ ಗಾಡಿಗೆ 0.25 ಅಥವಾ 0.50 ಎಂಎಂ ದೊಡ್ಡ ಪಿಸ್ಟನ್ ಸಿಗೋದಾದ್ರೆ ಅದೇ ಸಾಕು. ಅದೂ ಸಿಗದೆ, ಪೂರ್ತಿ ಕಿಟ್ ಸಿಕ್ಕಿ, ಮೈಕ್ರೋಮೀಟರ್ ಹಿಡಿದು ಅಳೆಯೋ ಕೆಲಸಗಾರ ಹತ್ತಿರದಲ್ಲಿದ್ದು, ಮುಂದೆ ಬಿಡಿಭಾಗಕ್ಕೆ ಕಾಯೋ ತಾಳ್ಮೆ ಇದ್ರೆ ಹಾಕಿಸಿ. ಅದನ್ನೂ ಕೊಯ್ಲು ಮುಗಿದ ಮೇಲೆ. ಕೊಯ್ಲಿನ ಮಧ್ಯೆ ಇಂಜಿನ್ ಬಿಚ್ಚಿ ಕೂತ್ರೆ ಗೊನೆ ಹೊರೋ ಕೂಲಿ ಕಿಟ್‌ಗಿಂತ ದುಬಾರಿಯಾಗುತ್ತೆ.

ಕಾನೂನೂ ನೆನಪಿರಲಿ. ನೋಂದಣಿ ಆಗಿರೋ ವಾಹನದ ಆರ್‌ಸಿಯಲ್ಲಿ ಸಿಸಿ ಬರೆದಿರುತ್ತೆ. ಅದಕ್ಕೆ ಹೊಂದದ ಹಾಗೆ ಗಾಡಿ ಬದಲಿಸೋದನ್ನ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತೆ. ಅಪಘಾತ ಆದ್ರೆ ವಿಮೆಯಲ್ಲೂ ತಕರಾರು ಬರಬಹುದು.

ಕೊನೆಗೆ, ಕಿಟ್ ಹಾಕಿದ್ರೆ ಇಂಜಿನ್ ದೊಡ್ಡದಾಗುತ್ತೆ, ಬ್ರೇಕ್ ದೊಡ್ಡದಾಗಲ್ಲ, ಗಾಡಿ ಅಗಲವೂ ಆಗಲ್ಲ. ಏರು ಹತ್ತಿಸಿದ ಭಾರವೇ ಇಳಿಜಾರಿನಲ್ಲಿ ಬೆನ್ನ ಹಿಂದೆ ತಳ್ಳುತ್ತೆ. ಎಟಿವಿ ಪಲ್ಟಿಯಾದ್ರೆ ಕೆಳಗೆ ಸಿಕ್ಕೋದು ಓಡಿಸೋನು. ಹಾಗಾಗಿ ನನ್ನ ಪಟ್ಟಿ ಇಷ್ಟೇ: ಮೊದಲು ಹೆಲ್ಮೆಟ್ ಮತ್ತು ಬ್ರೇಕ್, ಆಮೇಲೆ ಸರ್ವೀಸ್, ಆಮೇಲೆ ಸ್ಪ್ರಾಕೆಟ್. ಇಷ್ಟು ಮಾಡಿ ಒಂದು ಕೊಯ್ಲು ಓಡಿಸಿ ನೋಡಿ. ಅಷ್ಟಾದ್ರೂ ಬಿಗ್ ಬೋರ್ ಬೇಕು ಅನ್ನಿಸಿದ್ರೆ, ಆಗ ಹಾಕಿಸಿ.